ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗದ ಹಳೇ ಪಿಕಪ್: ಡೀಸೆಲ್ ತೊಟ್ಟಿಕ್ಕದ ಲೀಕ್ ಹುಡುಕೋದು ಹೇಗೆ?

[ಬೆಳಗಿನ ಜಾವ, ಅಂಗಳದಲ್ಲಿ ಹಳೇ ಟಾಟಾ 207, ಬಾನೆಟ್ ಎತ್ತಿದೆ]

ಎಲ್ರಿಗೂ ನಮಸ್ಕಾರ. ಹಳೇ ಪಿಕಪ್ ಇಟ್ಕೊಂಡಿರೋರು ನಮ್ಮನ್ನ ಅತಿ ಹೆಚ್ಚು ಕೇಳೋ ಪ್ರಶ್ನೆ ಇದು. ಹಗಲೆಲ್ಲಾ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ, ಎಳೆತ ಚೆನ್ನಾಗಿದೆ, ಮೈಲೇಜೂ ಪರವಾಗಿಲ್ಲ, ಆದ್ರೆ ರಾತ್ರಿ ನಿಲ್ಲಿಸಿ ಬೆಳಗ್ಗೆ ನಾಲ್ಕೂವರೆಗೆ ಟೊಮೆಟೊ ಲೋಡ್ ಮಾಡ್ಕೊಂಡು ಕೋಲಾರ ಮಾರ್ಕೆಟ್‌ಗೆ ಹೊರಡೋಣ ಅಂದ್ರೆ ಸೆಲ್ಫ್ ಹೊಡ್ದು ಹೊಡ್ದು ಬ್ಯಾಟರಿನೇ ಕೂತ್ಬಿಡುತ್ತೆ. ಗ್ಯಾರೇಜಲ್ಲಿ ಕೇಳಿದ್ರೆ "ಪಂಪ್ ಬಿಚ್ಬೇಕು" ಅಂತಾರೆ. ಬಿಚ್ಚಿಸ್ಬೇಕಾ?

ಬೇಡ, ಈಗ್ಲೇ ಬೇಡ. ಅವ್ರು ಹೇಳೋದು, ಎಂಜಿನ್ ಒಳಗೆ ಡೀಸೆಲ್ ಸ್ಪ್ರೇ ಮಾಡೋ ನಾಝಲ್‌ಗೆ ಜೋರು ಒತ್ತಡದಲ್ಲಿ ಡೀಸೆಲ್ ತಳ್ಳೋ ಪಂಪ್. ಆ ಪಂಪ್ ಕೆಲ್ಸ ಅಂದ್ರೆ ಸಾವಿರಗಟ್ಟಲೆ ದುಡ್ಡು, ಮೇಲೆ ನಾಲ್ಕು ದಿನ ಗಾಡಿ ನಿಲ್ಲುತ್ತೆ, ಆ ನಾಲ್ಕು ದಿನದ ಬಾಡಿಗೆನೂ ಹೋಯ್ತು. ಅದಕ್ಕಿಂತ ಮೊದ್ಲು ಮನೇಲೇ ನೋಡ್ಬೋದಾದ ಜಾಗ ಒಂದಿದೆ, ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆನೇ.

ಬೇಸಿಕ್ ಬೇಗ ಮುಗಿಸ್ತೀನಿ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳಿನ ಸುಮಾರು ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತೆ, ಅದರೊಳಗೆ ಡೀಸೆಲ್ ಸ್ಪ್ರೇ ಮಾಡಿದ್ರೆ ತಾನಾಗೇ ಹೊತ್ಕೊಳ್ಳುತ್ತೆ. ರುಡಾಲ್ಫ್ ಡೀಸೆಲ್ ಇದಕ್ಕೆ ಜರ್ಮನಿಯಲ್ಲಿ ಪೇಟೆಂಟ್ ತಗೊಂಡಿದ್ದು 1893ರಲ್ಲಿ, ಆಗಿಂದ ಈ ಮೂಲ ಸೂತ್ರ ಬದಲಾಗಿಲ್ಲ. ಅಂದ್ರೆ ಬೆಳಗ್ಗೆ ಸ್ಟಾರ್ಟ್ ಆಗೋಕೆ ಎರಡೇ ಬೇಕು, ಗಾಳಿ ಬಿಸಿ ಆಗೋಷ್ಟು ಜೋರಾಗಿ ಎಂಜಿನ್ ತಿರುಗ್ಬೇಕು, ಸರಿಯಾದ ಟೈಮ್‌ಗೆ ಡೀಸೆಲ್ ಒಳಗೆ ಬೀಳ್ಬೇಕು.

ಯಾವುದು ಕೈಕೊಟ್ಟಿದೆ ಅಂತ ಹೇಳೋದು ಸೈಲೆನ್ಸರ್. ಒಬ್ರು ಸೆಲ್ಫ್ ಹೊಡೀಲಿ, ಇನ್ನೊಬ್ರು ಹಿಂದೆ ನಿಂತು ಹೊಗೆ ನೋಡಿ. ಬಿಳೀ ಹೊಗೆ ಬುಸುಬುಸು ಬರ್ತಿದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಿಲ್ಲ. ಅಂದ್ರೆ ಎಂಜಿನ್ ನಿಧಾನಕ್ಕೆ ತಿರುಗ್ತಿದೆ, ಅಥವಾ ಕಂಪ್ರೆಷನ್, ಅಂದ್ರೆ ಗಾಳಿನ ಒತ್ತೋ ಬಲ ಇಲ್ಲ, ಅಥವಾ ತಣ್ಣಗಿರೋ ಎಂಜಿನ್‌ನ ಬಿಸಿ ಮಾಡೋ ಹೀಟರ್ ಪ್ಲಗ್ ಇರೋ ಗಾಡಿ ಆದ್ರೆ ಅದು ಸತ್ತಿದೆ. ಹೊಗೆನೇ ಇಲ್ಲ, ಎಂಜಿನ್ ಸುಮ್ನೆ ತಿರುಗ್ತಿದೆ ಅಂದ್ರೆ ಡೀಸೆಲ್ ಅಲ್ಲಿಗೆ ತಲುಪ್ತಾನೇ ಇಲ್ಲ. ಬೆಳಗ್ಗೆ ಮಾತ್ರ ತೊಂದ್ರೆ ಕೊಡೋ ಗಾಡಿಗಳಲ್ಲಿ ಬಹಳಷ್ಟು ಈ ಎರಡನೇ ಗುಂಪಿನವು.

[ಸ್ಕ್ರೀನ್ ಮೇಲೆ ಚಿತ್ರ: ಟ್ಯಾಂಕ್‌ನಿಂದ ಎಂಜಿನ್‌ವರೆಗೆ ಡೀಸೆಲ್ ಲೈನ್, ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಭಾಗ ಕೆಂಪು ಬಣ್ಣ]

ಈಗ ನನಗೆ ತುಂಬಾ ಇಷ್ಟವಾದ ಭಾಗ, ಇಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ.

ಟ್ಯಾಂಕ್ ಎಲ್ಲಿದೆ? ಕೆಳಗೆ, ಚಾಸಿ ಪಕ್ಕ. ಪಂಪ್ ಎಲ್ಲಿದೆ? ಮೇಲೆ, ಎಂಜಿನ್ ಪಕ್ಕ. ಹಾಗಾಗಿ ಆ ಪಂಪ್‌ಗೆ ಡೀಸೆಲ್ ತಂದುಕೊಡೋ ಸಣ್ಣ ಪಂಪ್, ಅಂದ್ರೆ ಫೀಡ್ ಪಂಪ್, ಡೀಸೆಲ್‌ನ ಕೆಳಗಿಂದ ಎಳ್ಕೋಬೇಕು. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್‌ನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಹೋಸ್ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ರೆ ಏನಾಗುತ್ತೆ? ಡೀಸೆಲ್ ಹೊರಗೆ ಬರಲ್ಲ. ಗಾಳಿ ಒಳಗೆ ಹೋಗುತ್ತೆ!

ಎಳನೀರಿಗೆ ಹಾಕಿದ ಸ್ಟ್ರಾ ಮಧ್ಯದಲ್ಲಿ ತೂತಾಗಿದ್ರೆ ಹೇಗಿರುತ್ತೆ ನೆನಪು ಮಾಡ್ಕೊಳ್ಳಿ. ತೂತಿಂದ ಒಂದು ಹನಿನೂ ಹೊರಗೆ ಚೆಲ್ಲಲ್ಲ, ಬಾಯಿಗೆ ಮಾತ್ರ ಬರೀ ಗಾಳಿ, ಎಷ್ಟು ಎಳೆದ್ರೂ ನೀರು ಮೇಲೆ ಹತ್ತಲ್ಲ. ಎಳೆಯೋದು ನಿಲ್ಲಿಸಿದ ತಕ್ಷಣ ಹತ್ತಿದ್ದ ನೀರೂ ಸರ್ರಂತ ಕೆಳಗೆ ಇಳಿಯುತ್ತೆ.

ನಿಮ್ಮ ಗಾಡೀಲಿ ರಾತ್ರಿಯೆಲ್ಲಾ ಆಗ್ತಿರೋದು ಇದೇ. ಎಂಜಿನ್ ಆಫ್ ಮಾಡಿದ್ರಿ, ಆ ಸಣ್ಣ ಬಿರುಕಿಂದ ಗಾಳಿ ಒಳಗೆ ನುಸುಳ್ತು, ಪೈಪ್‌ನಲ್ಲಿದ್ದ ಡೀಸೆಲ್ ಗಂಟೆಗಟ್ಟಲೆ ಟೈಮ್ ತಗೊಂಡು ಟ್ಯಾಂಕ್‌ಗೆ ವಾಪಸ್ ಇಳೀತು. ಹಗಲು ಹತ್ತು ನಿಮಿಷ, ಅರ್ಧ ಗಂಟೆ ನಿಲ್ಲಿಸಿದಾಗ ಇಳಿಯೋಕೆ ಟೈಮ್ ಸಿಗಲ್ಲ, ಅದಕ್ಕೇ ಹಗಲು ಒಂದೇ ಸೆಲ್ಫು. ಗಾಡಿ ಕೆಳಗೆ ನೋಡಿದ್ರೆ ನೆಲ ಒಣಗಿದೆ, ಕಲೆ ಇಲ್ಲ, ಆದ್ರಿಂದ ಲೀಕ್ ಇರಬಹುದು ಅಂತ ಯಾರಿಗೂ ಅನ್ಸಲ್ಲ, ಸೀದಾ ಪಂಪ್ ಮೇಲೆ ಅನುಮಾನ ಹೋಗುತ್ತೆ.

ಸ್ವಲ್ಪ ಗಾಳಿ ಹೋದ್ರೆ ಅಷ್ಟೊಂದು ಏನು ತೊಂದ್ರೆ ಅಂತ ಕೇಳ್ಬೋದು. ಹಳೇ ಡಿಐ ಎಂಜಿನ್‌ನಲ್ಲಿ, ಅಂದ್ರೆ ಡೀಸೆಲ್‌ನ ಸೀದಾ ಸಿಲಿಂಡರ್‌ಗೆ ಸ್ಪ್ರೇ ಮಾಡೋ ಎಂಜಿನ್‌ನಲ್ಲಿ, ನಾಝಲ್ ತೆರ್ಕೊಳ್ಳೋಕೆ ಸುಮಾರು 200 ಬಾರ್, ಅಂದ್ರೆ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಮ್ಮಿ ಇನ್ನೂರು ಪಟ್ಟು, ಅಥವಾ ಅದಕ್ಕಿಂತ ಜಾಸ್ತಿ ಒತ್ತಡ ಬೇಕು. ಪಂಪ್ ಒಂದು ಹೊಡೆತಕ್ಕೆ ತಳ್ಳೋದು ಹನಿ ಲೆಕ್ಕದ ಡೀಸೆಲ್. ಡೀಸೆಲ್ ದ್ರವ, ಒತ್ತಿದ್ರೆ ಕುಗ್ಗಲ್ಲ ಅನ್ನೋಷ್ಟು ಗಟ್ಟಿ, ಆದ್ರಿಂದ ಆ ಒತ್ತಡ ಪೂರ್ತಿ ನಾಝಲ್‌ಗೆ ತಲುಪುತ್ತೆ. ಮಧ್ಯ ಒಂದು ಗುಳ್ಳೆ ಇದ್ರೆ ಪಂಪ್ ಹಾಕಿದ ಶಕ್ತಿಯೆಲ್ಲಾ ಗುಳ್ಳೆ ಕುಗ್ಗಿಸೋದ್ರಲ್ಲೇ ಮುಗೀತು, ನಾಝಲ್ ತೆರೆಯಲ್ಲ. ಇಷ್ಟು ಒತ್ತಡ ಕೊಡೋ ಪಂಪ್‌ನ ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ಮಾಡೋಕೆ ಶುರು ಮಾಡಿದ್ದು 1927ರಲ್ಲಿ, ನಮ್ಮಲ್ಲಿ 1951ರಲ್ಲಿ ಶುರುವಾದ ಮೈಕೋ ಇದೇ ಪಂಪು ನಾಝಲ್‌ಗಳನ್ನ ಬೆಂಗಳೂರಿನ ಆಡುಗೋಡಿಯಲ್ಲಿ ಮಾಡ್ತಿತ್ತು. ಕಂಪನಿ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಆಯ್ತು. ಎಷ್ಟೋ ಹಳೇ ಗಾಡಿಗಳ ಪಂಪ್ ಮೇಲೆ ಇವತ್ತೂ ಮೈಕೋ ಅಂತ ಕೆತ್ತಿರೋದು ಕಾಣುತ್ತೆ. ಶುದ್ಧವಾದ ಡೀಸೆಲ್ ಕೊಟ್ರೆ ಲಕ್ಷಗಟ್ಟಲೆ ಕಿಲೋಮೀಟರ್ ಬಾಳೋ ಯಂತ್ರ ಅದು, ಹತ್ತಿಪ್ಪತ್ತು ರೂಪಾಯಿ ವಾಷರ್ ತಪ್ಪಿಗೆ ಅದನ್ನ ಬಿಚ್ಚೋದು ನೋಡಿದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

[ಕ್ಯಾಮೆರಾ ಎಂಜಿನ್ ಹತ್ರ]

ಸರಿ, ಹುಡುಕೋಣ. ಮೊದಲನೇ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಟ್ಯಾಂಕ್ ತುಂಬಿಸಿ, ರಾತ್ರಿ ಗಾಡಿ ಮೂತಿ ಇಳಿಜಾರಿನ ಕಡೆ ಇರೋ ಹಾಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್‌ನಲ್ಲಿಡಿ, ಚಕ್ರಕ್ಕೆ ದಪ್ಪ ಕಲ್ಲು ಕೊಡಿ. ಈಗ ಟ್ಯಾಂಕ್ ಎಂಜಿನ್‌ಗೆ ಹೋಲಿಸಿದ್ರೆ ಮೇಲೆ ಬಂತು, ಡೀಸೆಲ್ ವಾಪಸ್ ಇಳಿಯೋಕೆ ದಾರಿ ಇಲ್ಲ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತಾ? ಕಳ್ಳ ಅರ್ಧ ಸಿಕ್ಕ ಹಾಗೆ, ಪಂಪ್ ಸುಮ್ನೆ ಬೈಸ್ಕೊಳ್ತಿತ್ತು. ಇನ್ನೊಂದು ಲಾಭ, ಇಳಿಜಾರು ಸಾಕಷ್ಟಿದ್ರೆ ಆ ಬಿರುಕಿಂದ ಈಗ ಡೀಸೆಲ್ಲೇ ಹೊರಗೆ ಜಿನುಗುತ್ತೆ, ರಾತ್ರಿನೇ ಲೈನ್ ಕೆಳಗೆ ಉದ್ದಕ್ಕೂ ರಟ್ಟು ಹಾಸಿಟ್ರೆ ಬೆಳಗ್ಗೆ ಕಲೆ ಬಿದ್ದ ಜಾಗದ ಮೇಲೇನೇ ಲೀಕು.

ಇಳಿಜಾರು ಇಲ್ಲದ ಊರಾದ್ರೆ ಎರಡನೇದು. ಎಂಜಿನ್ ಪಕ್ಕ ಸ್ವಲ್ಪ ಎತ್ತರಕ್ಕೆ ಒಂದು ಕ್ಲೀನ್ ಕ್ಯಾನ್‌ನಲ್ಲಿ ಡೀಸೆಲ್ ಇಟ್ಟು, ಬೇರೆ ಹೋಸ್‌ನಿಂದ ಸೀದಾ ಫೀಡ್ ಪಂಪ್‌ಗೆ ಕೊಡಿ, ಟ್ಯಾಂಕ್ ಕಡೆ ಲೈನ್ ಬಾಯಿ ಮುಚ್ಚಿ. ಗಾಳಿ ತೆಗೆದು ಒಂದ್ಸಲ ಸ್ಟಾರ್ಟ್ ಮಾಡಿ ಆಫ್ ಮಾಡಿ, ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆದ್ರೆ ತೊಂದ್ರೆ ಟ್ಯಾಂಕ್ ಮತ್ತೆ ಫೀಡ್ ಪಂಪ್ ನಡುವೆನೇ ಇದೆ. ಹತ್ರ ಬೀಡಿ ಸಿಗರೇಟು ಬೇಡ, ಮಕ್ಕಳನ್ನ ದೂರ ಇಡಿ, ಈ ಕ್ಯಾನ್ ಕಟ್ಕೊಂಡು ರೋಡಿಗೆ ಮಾತ್ರ ಹೋಗ್ಬೇಡಿ.

ಮೂರನೇದು, ಡೀಸೆಲ್ ತಡಿಯೋ ಪಾರದರ್ಶಕ ಹೋಸ್ ಒಂದು ತುಂಡು ಫೀಡ್ ಪಂಪ್‌ಗೆ ಮುಂಚೆ ಹಾಕಿ ಎಂಜಿನ್ ಓಡಿಸಿ ನೋಡಿ. ಗುಳ್ಳೆ ಓಡಾಡ್ತಿದ್ರೆ ಕಣ್ಣಿಗೇ ಕಾಣುತ್ತೆ. ಒಂದೊಂದೇ ಜಾಯಿಂಟ್ ಟೈಟ್ ಮಾಡ್ತಾ ಬನ್ನಿ, ಯಾವ ಜಾಯಿಂಟ್ ತಿರುಗಿಸಿದಾಗ ಗುಳ್ಳೆ ನಿಲ್ಲುತ್ತೋ ಅದೇ.

ಎಲ್ಲಿ ಸಿಗುತ್ತೆ ಸಾಮಾನ್ಯವಾಗಿ? ಟ್ಯಾಂಕ್ ಮೇಲಿನ ಹೋಸ್ ಕ್ಲಿಪ್ ಕೆಳಗೆ, ರಬ್ಬರ್ ಗಟ್ಟಿಯಾಗಿ ಬಿರಿದಿರುತ್ತೆ, ಹೊರಗಿಂದ ಚೆನ್ನಾಗೇ ಕಾಣುತ್ತೆ, ಬಗ್ಗಿಸಿ ನೋಡಿದ್ರೆ ಬಿರುಕು ಬಾಯಿ ಬಿಡುತ್ತೆ. ಚಾಸಿಗೆ ಉಜ್ಜಿ ಉಜ್ಜಿ ಪೈಪ್ ತೂತಾಗಿರೋ ಜಾಗ. ಡೀಸೆಲ್ ಲೈನ್ ತುಂಬಿಸೋಕೆ ಕೈಯಲ್ಲಿ ಒತ್ತೋ ಕೈಪಂಪ್‌ನ ಒಳಗಿನ ಸೀಲ್. ಕೆಲವು ಗಾಡೀಲಿ ಫಿಲ್ಟರ್ ಕೂಡ ಎಳೆಯೋ ಕಡೆನೇ ಬರುತ್ತೆ, ಹಾಗಿದ್ರೆ ಅದರ ರಬ್ಬರ್ ರಿಂಗ್. ಮತ್ತೆ ಪೈಪ್ ಜಾಯಿಂಟ್‌ಗಳಲ್ಲಿ ಲೀಕ್ ತಡೆಯೋ ಕಾಪರ್ ವಾಷರ್. ಫಿಲ್ಟರ್ ಬದಲಾಯಿಸುವಾಗ ಹಳೇ ವಾಷರ್‌ನೇ ವಾಪಸ್ ಹಾಕ್ತಾರೆ, ಒಂದ್ಸಲ ಒತ್ತಿ ಗಟ್ಟಿಯಾದ ತಾಮ್ರ ಎರಡನೇ ಸಲ ಸರಿಯಾಗಿ ಕೂರಲ್ಲ. ಹೊಸದು ಹಾಕೋದು ಒಳ್ಳೇದು, ರಾತ್ರಿ ಹೊತ್ತು ಅಂಗಡಿ ಇಲ್ಲದ ಕಡೆ ಸಿಕ್ಕಾಕೊಂಡ್ರೆ ವಾಷರ್‌ನ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತೆ. ಕಬ್ಬಿಣನ ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡೋದು ನೋಡಿರೋರಿಗೆ ಇದು ಉಲ್ಟಾ ಅನ್ಸುತ್ತೆ, ತಾಮ್ರ ಹಾಗೇ. ಕಾಯಿಸೋದು ಗಾಡಿಯಿಂದ, ಡೀಸೆಲ್‌ನಿಂದ ದೂರ, ಹೇಳ್ಬೇಕಾಗಿಲ್ಲ.

ಫಿಲ್ಟರ್ ಅಥವಾ ಟ್ಯಾಂಕ್ ಒಳಗಿನ ಜರಡಿ ಕಟ್ಟಿಕೊಂಡಿದ್ರೆ ಫೀಡ್ ಪಂಪ್ ಇನ್ನೂ ಜೋರಾಗಿ ಎಳೀಬೇಕಾಗುತ್ತೆ, ಆಗ ಮುಂಚೆ ಸುಮ್ನಿದ್ದ ಸಣ್ಣ ಬಿರುಕೂ ಗಾಳಿ ಕುಡಿಯೋಕೆ ಶುರು ಮಾಡುತ್ತೆ. ಆದ್ರಿಂದ ಹೋಸ್ ಬದಲಾಯಿಸುವಾಗ್ಲೇ ಫಿಲ್ಟರ್ ಕೂಡ ಹೊಸದು ಹಾಕ್ಬಿಡಿ.

ಲೀಕ್ ಮುಚ್ಚಿದ ಮೇಲೆ ಲೈನ್‌ನಲ್ಲಿ ಉಳಿದಿರೋ ಗಾಳಿ, ಅಂದ್ರೆ ಏರ್ ತೆಗೀಬೇಕು. ಫಿಲ್ಟರ್ ತಲೆ ಮೇಲಿನ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ, ಕೈಪಂಪ್ ಒತ್ತಿ, ಮೊದ್ಲು ನೊರೆ ಬರುತ್ತೆ, ನೊರೆ ನಿಂತು ಬರೀ ಡೀಸೆಲ್ ಬರೋವರೆಗೂ ಒತ್ತಿ, ಒತ್ತುತ್ತಿರುವಾಗ್ಲೇ ಸ್ಕ್ರೂ ಮುಚ್ಚಿ. ಆಮೇಲೆ ಪಂಪ್ ಮೇಲಿನ ಸ್ಕ್ರೂ ಇದೇ ಥರ. ತುಂಬಾ ಬಿಗೀಬೇಡಿ, ಅಲ್ಯೂಮಿನಿಯಂನಲ್ಲಿ ಸ್ಕ್ರೂ ಕೂರೋ ಮರೆ (ಥ್ರೆಡ್) ಬೇಗ ಹೋಗುತ್ತೆ.

[ಸ್ಕ್ರೀನ್ ಮೇಲೆ ಕೆಂಪು ಅಕ್ಷರ: ನಾಝಲ್ ಪೈಪ್ ಹತ್ರ ಬೆರಳು ಇಡಬೇಡಿ]

ಇದು ದಯವಿಟ್ಟು ಕೇಳಿ. ಎಂಜಿನ್ ತಿರುಗ್ತಿರುವಾಗ ನಾಝಲ್‌ಗೆ ಹೋಗೋ ಸ್ಟೀಲ್ ಪೈಪ್‌ನಿಂದ ಡೀಸೆಲ್ ಚಿಮ್ಮುತ್ತಾ ಅಂತ ಬೆರಳಿಟ್ಟು ನೋಡ್ಬೇಡಿ. ಆ ಒತ್ತಡದ ಸ್ಪ್ರೇ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತೆ, ಒಳಗೆ ಮಾಂಸ ಕೊಳೆಯೋಕೆ ಶುರುವಾಗುತ್ತೆ, ಹಾಗಾದ್ರೆ ನೋವಿಲ್ಲದಿದ್ರೂ ಅದೇ ಕ್ಷಣ ಆಸ್ಪತ್ರೆಗೆ ಹೋಗ್ಬೇಕು. ಕಾಮನ್ ರೈಲ್, ಅಂದ್ರೆ ಎಲ್ಲಾ ನಾಝಲ್‌ಗೂ ಒಂದೇ ಪೈಪ್‌ನಲ್ಲಿ ಡೀಸೆಲ್‌ನ ಒತ್ತಡದಲ್ಲಿ ತುಂಬಿಡೋ ಎಂಜಿನ್ ಇರೋ ಬೊಲೆರೊ ಪಿಕಪ್ ಥರದ ಗಾಡೀಲಿ ಒತ್ತಡ ಸಾವಿರ ಬಾರ್ ದಾಟುತ್ತೆ, ಅಲ್ಲಿ ಆ ಪೈಪ್‌ಗಳನ್ನ ಮನೇಲಿ ಸಡಿಲ ಮಾಡೋ ಮಾತೇ ಬೇಡ. ಟ್ಯಾಂಕ್ ಕಡೆಯ ಹೋಸು ಕ್ಲಿಪ್ಪು ನೋಡೋದು ಅದರಲ್ಲೂ ಮಾಡ್ಬೋದು.

ಇನ್ನೊಂದು ಅಭ್ಯಾಸ ಬಿಡಿಸ್ಬೇಕು ನಾನು. ಪೆಟ್ರೋಲ್ ಅದ್ದಿದ ಬಟ್ಟೆ ಏರ್ ಫಿಲ್ಟರ್ ಬಾಯಿಗೆ ಹಿಡಿಯೋದು, ಬೇಗ ಹೊತ್ಕೊಳ್ಳೋ ಸ್ಟಾರ್ಟಿಂಗ್ ಸ್ಪ್ರೇ ಹೊಡಿಯೋದು. ಅದು ಪಿಸ್ಟನ್ ಮೇಲೆ ಬರೋದ್ರೊಳಗೆ ಅಕಾಲಕ್ಕೆ ಹೊತ್ಕೊಂಡು ರಿಂಗ್ ಮುರಿಯುತ್ತೆ, ಹೀಟರ್ ಇರೋ ಗಾಡೀಲಿ ಏರ್ ಪೈಪ್‌ನಲ್ಲೇ ಹತ್ಕೊಂಡು ಮುಖಕ್ಕೆ ಬೆಂಕಿ ಬರ್ಬೋದು. ಇವತ್ತು ಸ್ಟಾರ್ಟ್ ಆಯ್ತು ಅಂತ ಖುಷಿ ಪಟ್ಟು ದಿನಾ ಇದೇ ಮಾಡಿದ್ರೆ, ಗಾಳಿ ಲೀಕ್ ಇದ್ದ ಗಾಡಿಗೆ ಕಂಪ್ರೆಷನ್ ತೊಂದ್ರೆನೂ ನಾವೇ ತಂದುಕೊಟ್ಟ ಹಾಗೆ.

ವಿಡಿಯೋ ಉದ್ದ ಆಗ್ತಿದೆ, ಉಳಿದಿದ್ದೆಲ್ಲಾ ಒಟ್ಟಿಗೆ ಹೇಳ್ಬಿಡ್ತೀನಿ.

ಬಿಳೀ ಹೊಗೆ ಗುಂಪಿನವರು ಬ್ಯಾಟರಿಯಿಂದ ಶುರು ಮಾಡಿ. ಫುಲ್ ಚಾರ್ಜ್ ಇದ್ರೆ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸ್ಬೇಕು, ಸೆಲ್ಫ್ ಹೊಡಿಯುವಾಗ 10ರ ಹತ್ರ ಇರ್ಬೇಕು, ತುಂಬಾ ಕೆಳಗೆ ಬಿದ್ರೆ ಬ್ಯಾಟರಿ ಅಥವಾ ಸೆಲ್ಫ್ ಮೋಟರ್. ಬ್ಯಾಟರಿ ಚೆನ್ನಾಗಿದ್ರೂ ಎಂಜಿನ್ ಮೆಲ್ಲಗೆ ತಿರುಗ್ತಿದ್ರೆ, ಎಂಜಿನ್‌ನಿಂದ ಚಾಸಿಗೆ ಬರೋ ಅರ್ತ್ ವೈರ್ ನೋಡಿ. ವೋಲ್ಟ್ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡಿಸಿ, ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಅರ್ತ್ ಕೆಟ್ಟಿದೆ, ಬಿಚ್ಚಿ ಉಜ್ಜಿ ಹಾಕಿ. ಒಂದ್ಸಲಕ್ಕೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೀಬೇಡಿ, ಮಧ್ಯ ಒಂದು ನಿಮಿಷ ಬಿಡಿ.

ಬೆಳಗ್ಗೆ ಚೆನ್ನಾಗಿದ್ದು ಸ್ವಲ್ಪ ದೂರ ಓಡಿದ ಮೇಲೆ ಗಾಡಿ ನಿಂತೋಗುತ್ತೆ ಅನ್ನೋರು ಟ್ಯಾಂಕ್ ಮುಚ್ಚಳ ತೆಗೆದು ನೋಡಿ, ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದು ಬೇರೆ ಕಾಯಿಲೆ, ಔಷಧಿ ಇನ್ನೂ ಸುಲಭ.

ಫಿಲ್ಟರ್ ಕೆಳಗಿನ ನೀರು ಮಳೆಗಾಲದಲ್ಲಿ ಆಗಾಗ ಬಿಡ್ತಾ ಇರಿ, ರಾತ್ರಿ ಟ್ಯಾಂಕ್ ಖಾಲಿ ಇಡ್ಬೇಡಿ, ಖಾಲಿ ಜಾಗದ ತೇವ ನೀರಾಗಿ ಇಳಿಯುತ್ತೆ, ನೀರು ಪಂಪ್‌ನ ತುಕ್ಕು ಹಿಡಿಸುತ್ತೆ. ಎಂಜಿನ್ ಶಕ್ತಿನ ಹಿಂದಿನ ಚಕ್ರಕ್ಕೆ ಒಯ್ಯೋ ಶಾಫ್ಟ್‌ನ ಜಾಯಿಂಟ್ ಕ್ರಾಸ್‌ಗೂ ಹಿಂದಿನ ಲೀಫ್ ಸ್ಪ್ರಿಂಗ್ ಪಿನ್‌ಗೂ ಗ್ರೀಸ್ ಹೊಡೀರಿ, ಹಳೇ ಗ್ರೀಸ್ ಹೊರಗೆ ಬರೋವರೆಗೂ. ಸ್ಪ್ರಿಂಗ್ ಬಿಚ್ಚಿ ಹಾಕಿಸಿದ್ರೆ ಸ್ವಲ್ಪ ದಿನ ಲೋಡ್ ಓಡಿಸಿದ ಮೇಲೆ ಸ್ಪ್ರಿಂಗ್‌ನ ಆಕ್ಸಲ್‌ಗೆ ಹಿಡಿದಿಡೋ ಯೂ ಬೋಲ್ಟ್ ಮತ್ತೆ ಬಿಗೀಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಘಾಟಿ ಇಳಿಯೋ ಗಾಡಿಗಂತೂ ಮುಂದೂಡ್ಲೇಬೇಡಿ, ಬಿಸಿ ಆದಾಗ ಆ ನೀರು ಕುದ್ದು ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಹೇಗೂ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸ್ಬೇಕಲ್ಲ, ಬ್ರೇಕ್ ಕೆಲ್ಸ ಅದಕ್ಕೆ ಮುಂಚೆ ಮುಗಿಸ್ಕೊಳ್ಳಿ.

ಗಾಡಿ ಕೆಳಗೆ ನುಗ್ಗೋಕೆ ಮುಂಚೆ ಬರೀ ಜಾಕಿ ನಂಬ್ಬೇಡಿ. ಚಾಸಿ ಕೆಳಗೆ ಸ್ಟ್ಯಾಂಡ್ ಕೊಡಿ, ಇಲ್ಲಾಂದ್ರೆ ಗಟ್ಟಿ ಮರದ ದಿಮ್ಮಿ, ಇಟ್ಟಿಗೆ ಸಿಮೆಂಟ್ ಬ್ಲಾಕ್ ಯಾವ ಕಾರಣಕ್ಕೂ ಬೇಡ, ಅವು ಹೇಳದೇ ಕೇಳದೇ ಪುಡಿಯಾಗುತ್ವೆ.

ಕೇಳೋದಿದ್ರೆ ಗಾಡಿ ಯಾವುದು, ಯಾವ ವರ್ಷದ್ದು, ಸೆಲ್ಫ್ ಹೊಡಿಯುವಾಗ ಹೊಗೆ ಬರುತ್ತಾ ಇಲ್ವಾ, ಬಂದ್ರೆ ಯಾವ ಬಣ್ಣ, ಇಳಿಜಾರಲ್ಲಿ ನಿಲ್ಲಿಸಿದಾಗ ಏನಾಯ್ತು ಅಂತ ಬರೆದು ಕೇಳಿ, ಇಷ್ಟಿದ್ರೆ ಉತ್ತರ ಕೊಡೋದು ಸುಲಭ. ಮುಂದಿನ ವಿಡಿಯೋದಲ್ಲಿ ಲೋಡ್ ಹಾಕಿದಾಗ ಕ್ಲಚ್ ಜಾರೋದು.