ಬುದ್ಧಿ ಹೇಳುವ ಮೊದಲು ಹತ್ತಿರ ಕೂತುಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ 12ರಿಂದ 20 ವರ್ಷದೊಳಗಿನ ಮಕ್ಕಳಿದ್ದರೆ ಕೈಯಲ್ಲಿರುವ ಕೆಲಸ ಸ್ವಲ್ಪ ಬದಿಗಿಟ್ಟು ಕೇಳಿ. ಅಪ್ಪ ಅಮ್ಮ ಮಾತ್ರ ಅಲ್ಲ. ಅಜ್ಜಿ, ತಾತ, ಚಿಕ್ಕಪ್ಪ, ಪಾಠ ಹೇಳುವ ಮೇಷ್ಟ್ರು, ಯಾರಾದರೂ ಸರಿ. ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ.

ಸಾಂಕ್ರಾಮಿಕ ರೋಗ ಬಂದು ಎಲ್ಲರೂ ಮನೆಯೊಳಗೆ ಕೂರಬೇಕಾದಾಗ ಹರೆಯದ ಮಕ್ಕಳ ಮನಸ್ಸನ್ನು ಹೇಗೆ ಕಾಯುವುದು ಅನ್ನುವುದು ಇವತ್ತಿನ ವಿಷಯ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಬುದ್ಧಿ ಹೇಳುವ ಮೊದಲು ಹತ್ತಿರ ಕೂತುಕೊಳ್ಳಿ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಅಂತ ಘೋಷಿಸಿತು. ಕೆಲವೇ ವಾರಗಳಲ್ಲಿ ಪ್ರಪಂಚದ 150 ಕೋಟಿಗೂ ಜಾಸ್ತಿ ಮಕ್ಕಳ ಶಾಲೆ ಕಾಲೇಜುಗಳು ಬಾಗಿಲು ಹಾಕಿದವು. ಇದು ಯುನೆಸ್ಕೋ ಕೊಟ್ಟ ಲೆಕ್ಕ. ಆಗ ದೊಡ್ಡವರ ತಲೆಯಲ್ಲಿ ಇದ್ದದ್ದು ಪಾಠ ಏನಾಯಿತು, ಪರೀಕ್ಷೆ ಯಾವಾಗ ಅನ್ನುವ ಚಿಂತೆ. ಮಕ್ಕಳು ಕಳೆದುಕೊಂಡದ್ದು ಬೇರೆ. ಪಕ್ಕದಲ್ಲಿ ಕೂತು ಮೊಣಕೈಯಲ್ಲಿ ತಿವಿಯುವ ಗೆಳೆಯ ಹೋದ. ಬೆಲ್ ಹೊಡೆದ ಮೇಲಿನ ಆ ಐದು ನಿಮಿಷದ ಗಲಾಟೆ ಹೋಯಿತು. ಮನೆಯವರ ಕಣ್ಣಿಗೆ ಬೀಳದೆ ನಗುವುದಕ್ಕೆ, ಅಳುವುದಕ್ಕೆ ಇದ್ದ ಜಾಗವೇ ಹೋಯಿತು. ಐವತ್ತು ವರ್ಷದವರಿಗೆ ಒಂದು ವರ್ಷ ಗೆಳೆಯರು ಸಿಗದಿದ್ದರೆ ಬೇಜಾರು, ಅಷ್ಟೇ. ಹದಿನೈದರಲ್ಲಿ ಹಾಗಲ್ಲ. ನಾನು ಯಾರು ಅನ್ನುವುದನ್ನು ಆ ವಯಸ್ಸಿನವರು ಗೆಳೆಯರ ಮುಖ ನೋಡಿಕೊಂಡೇ ಕಲಿಯುತ್ತಾರೆ.

ಪರಿಣಾಮ ಏನಾಯಿತು? ಬೇರೆ ಬೇರೆ ದೇಶಗಳ ಸುಮಾರು 80,000 ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ವರದಿ ಬಂತು. ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ. ನಾಲ್ಕರಲ್ಲಿ ಒಬ್ಬರು! ನಿಮ್ಮ ಮಗಳು, ಅವಳ ಮೂವರು ಗೆಳತಿಯರು, ಈ ನಾಲ್ಕು ಮುಖಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು, ಮೊದಲ ವರ್ಷದಲ್ಲೇ ಆತಂಕ ಮತ್ತು ಖಿನ್ನತೆ ಪ್ರಪಂಚದಲ್ಲಿ ನೂರಕ್ಕೆ 25ರಷ್ಟು ಏರಿತು, ಜಾಸ್ತಿ ಪೆಟ್ಟು ಬಿದ್ದದ್ದು ಹರೆಯದವರಿಗೆ ಮತ್ತು ಹೆಂಗಸರಿಗೆ ಅಂತ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಒಬ್ಬರು ಕೇಳುತ್ತಾರೆ. 'ಹಿಂದಿನವರು ಯುದ್ಧ ನೋಡಿದರು, ಬರ ನೋಡಿದರು. ಮೂರು ಹೊತ್ತು ಊಟ ಮಾಡಿ ಮನೆಯಲ್ಲಿ ಕೂರುವುದು ಈ ಮಕ್ಕಳಿಗೆ ಕಷ್ಟವಾ?' ಈ ಪ್ರಶ್ನೆ ನನಗೆ ಸಾಕಾಗಿ ಹೋಗಿದೆ. ಸರಿ, ಯುದ್ಧದ ಕಾಲವನ್ನೇ ನೋಡೋಣ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿತ್ತು. ಆಗ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಅನ್ನುವ ಇಬ್ಬರು ಅಲ್ಲಿ ಪುಟ್ಟ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದರು. ದಿನವೂ ಮಕ್ಕಳನ್ನು ನೋಡಿ ನೋಡಿ ಬರೆದಿಟ್ಟರು. ಅವರಿಗೆ ಕಂಡದ್ದೇನು ಗೊತ್ತಾ? ತಾಯಿ ಪಕ್ಕದಲ್ಲಿದ್ದು, ಅವಳು ಗಾಬರಿ ಬೀಳದೆ ಇದ್ದರೆ, ಮಕ್ಕಳು ಬಾಂಬಿನ ಸದ್ದನ್ನೂ ತಡೆದುಕೊಳ್ಳುತ್ತಿದ್ದರು. ಮನೆಯವರಿಂದ ದೂರವಾದ ಮಕ್ಕಳು ಅದಕ್ಕಿಂತ ಜಾಸ್ತಿ ಕುಗ್ಗುತ್ತಿದ್ದರು. ಬಾಂಬಿಗೂ ಒಂದೇ, ವೈರಸ್ಸಿಗೂ ಒಂದೇ. ಮಗುವಿನ ಪಕ್ಕ ಯಾರು ಇದ್ದಾರೆ ಅನ್ನುವುದು ಮುಖ್ಯ.

'ನಾವು ಇಪ್ಪತ್ತನಾಲ್ಕು ಗಂಟೆ ಮನೆಯಲ್ಲೇ ಇದ್ದೆವಲ್ಲ' ಅಂತ ನೀವು ಹೇಳಬಹುದು. ಒಂದೇ ಸೂರಿನಡಿ ಇರುವುದು ಬೇರೆ, ಹತ್ತಿರ ಕೂರುವುದು ಬೇರೆ. ಇದಕ್ಕೆ ನಾನು ಯಾವಾಗಲೂ ಹೇಳುವ ಒಂದು ಪ್ರಸಂಗ ಇದೆ. ಗುರುತು ಸಿಗದ ಹಾಗೆ ಹೇಳುತ್ತೇನೆ.

ಕೋವಿಡ್ ಸಮಯದಲ್ಲಿ ನಾವು ಡಾಕ್ಟರುಗಳೆಲ್ಲ ಫೋನಿನಲ್ಲೇ ರೋಗಿಗಳನ್ನು ನೋಡುತ್ತಿದ್ದೆವು. ಒಬ್ಬ ತಂದೆ ಕರೆ ಮಾಡಿದರು. ಮೊದಲ ಮಾತೇ, 'ಡಾಕ್ಟ್ರೇ, ನನ್ನ ಮಗ ಕೈ ತಪ್ಪಿ ಹೋದ.' ಹುಡುಗನಿಗೆ 16. ಬೆಳಗಿನ ಜಾವ ನಾಲ್ಕರ ತನಕ ಫೋನು ಹಿಡಿದಿರುತ್ತಾನೆ, ಮಧ್ಯಾಹ್ನ ಹನ್ನೆರಡಕ್ಕೆ ಏಳುತ್ತಾನೆ, ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್, ಮಾತಾಡಿಸಿದರೆ ಮೈಮೇಲೆ ಬರುತ್ತಾನೆ. 'ಸೋಮಾರಿ ಆಗಿದ್ದಾನೆ, ಫೋನಿನ ಚಟ ಹತ್ತಿದೆ. ನೀವು ಸ್ವಲ್ಪ ಬುದ್ಧಿ ಹೇಳಿ' ಅಂದರು.

ನಾನು ಅವರಿಗೊಂದು ಕೆಲಸ ಕೊಟ್ಟೆ. ನಾಳೆ ಬೆಳಗ್ಗೆಯಿಂದ ರಾತ್ರಿವರೆಗೆ ಮಗನಿಗೆ ನೀವು ಹೇಳುವ ಪ್ರತಿಯೊಂದು ಮಾತನ್ನೂ ಚೀಟಿಯಲ್ಲಿ ಬರೆದಿಡಿ ಅಂದೆ. ಮರುದಿನ ಅವರೇ ಓದಿದರು. ಒಟ್ಟು ಹನ್ನೊಂದು ಮಾತು. ಎದ್ದೇಳು. ಇನ್ನೂ ಎದ್ದಿಲ್ವಾ? ಕ್ಲಾಸಿಗೆ ಸೇರಿದೆಯಾ? ಫೋನು ಇಡು. ಸ್ನಾನ ಆಯ್ತಾ? ಬಾಗಿಲು ಯಾಕೆ ಹಾಕಿದ್ದೀಯ? ಹೀಗೇ. ಏಳನೆಯದನ್ನು ಓದುವಾಗ ಅವರ ದನಿ ಇಳಿಯಿತು. ಹನ್ನೊಂದನೆಯದು ಮುಗಿದ ಮೇಲೆ, 'ಡಾಕ್ಟ್ರೇ, ಇದೆಲ್ಲಾ ಜೈಲಿನಲ್ಲಿ ಕಾವಲುಗಾರ ಆಡೋ ಮಾತಿನ ಹಾಗಿದೆ ಅಲ್ವಾ?' ಅಂದರು. ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಹೊತ್ತಿನಲ್ಲಿ.

ಎರಡನೇ ಕೆಲಸ ಹೇಳಿದೆ. ದಿನಾ ರಾತ್ರಿ ಹತ್ತು ನಿಮಿಷ ಮಗನ ಕೋಣೆಯಲ್ಲಿ ಕೂರಿ. ಫೋನು ತೆಗೆದುಕೊಂಡು ಹೋಗಬೇಡಿ. ಪ್ರಶ್ನೆ ಕೇಳಬೇಡಿ. ಬುದ್ಧಿವಾದ ಬೇಡವೇ ಬೇಡ. 'ಸುಮ್ನೆ ಕೂತು ಏನು ಮಾಡ್ಲಿ?' ಅಂದರು. ಕೈಗೆ ಏನಾದರೂ ಕೆಲಸ ಇಟ್ಟುಕೊಳ್ಳಿ ಅಂದೆ. ಆ ಕೋಣೆಯ ಮೊಳೆಯಲ್ಲಿ ಹುಡುಗನ ಸ್ಕೂಲ್ ಬ್ಯಾಗು ನೇತಾಡುತ್ತಿತ್ತು. ಶಾಲೆ ಮುಚ್ಚಿದ ದಿನ ನೇತು ಹಾಕಿದ್ದು, ಯಾರೂ ಮುಟ್ಟಿರಲಿಲ್ಲ. ಅದರ ಪಟ್ಟಿ ಕಿತ್ತಿತ್ತು. ತಂದೆ ಸೂಜಿ ದಾರ ಹಿಡಿದು ನೆಲದ ಮೇಲೆ ಕೂತರು.

ಮೊದಲ ರಾತ್ರಿ ಹುಡುಗ ಗೋಡೆ ಕಡೆ ತಿರುಗಿ ಮಲಗಿದ. ಎರಡನೇ ರಾತ್ರಿಯೂ ಅಷ್ಟೇ. ಮೂರನೇ ರಾತ್ರಿ, 'ಯಾಕೆ ಬಂದು ಕೂತಿದ್ದೀಯಾ?' ಅಂತ ರೇಗಿದ. 'ಹೊಲಿಯೋಕೆ' ಅಂದರು, ಅಷ್ಟೇ. ಐದನೇ ರಾತ್ರಿ ಹಾಸಿಗೆಯಿಂದ ಒಂದು ಮಾತು ಬಂತು. 'ಅಪ್ಪಾ, ಕಿತ್ತಿರೋದು ಆ ಕಡೆ ಪಟ್ಟಿ ಅಲ್ಲ, ಈ ಕಡೆದು.' ನೋಡಿ, ಹುಡುಗ ಐದು ದಿನವೂ ಗೋಡೆ ನೋಡುತ್ತಿರಲಿಲ್ಲ, ಅಪ್ಪನ ಕೈ ನೋಡುತ್ತಿದ್ದ!

ಒಂಬತ್ತನೇ ರಾತ್ರಿ ಹುಡುಗ ಬಾಯಿ ಬಿಟ್ಟ. ಅವನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನ ತಾಯಿ ಕೋವಿಡ್‌ನಲ್ಲಿ ತೀರಿಕೊಂಡಿದ್ದರು. ಆ ಗೆಳೆಯ ರಾತ್ರಿ ಒಂದು ಗಂಟೆಗೆ ಇವನಿಗೆ ಮೆಸೇಜ್ ಹಾಕಿದ್ದ. 'ಅಮ್ಮ ಹೋದ್ರು ಕಣೋ.' ಮೂರೇ ಪದ. ಏನು ಬರೆಯಬೇಕು ಅಂತ ಇವನಿಗೆ ಗೊತ್ತಾಗಲಿಲ್ಲ. ಟೈಪ್ ಮಾಡಿದ, ಅಳಿಸಿದ, ಮತ್ತೆ ಟೈಪ್ ಮಾಡಿದ. ಬೆಳಗ್ಗೆ ಬರೆಯೋಣ ಅಂದುಕೊಂಡ. ಬೆಳಗ್ಗೆ ಹೊತ್ತಿಗೆ ತಡ ಆಯಿತು ಅನ್ನಿಸಿತು. ಎರಡು ದಿನ ಕಳೆಯಿತು. ಆಮೇಲೆ ಗೆಳೆಯ ಗ್ರೂಪಿನಿಂದ ಹೊರಗೆ ಹೋದ. ಅವತ್ತಿನಿಂದ ಇವನು ದಿನಾ ರಾತ್ರಿ ನಾಲ್ಕು ಗಂಟೆವರೆಗೆ, ಗೆಳೆಯನ ಹೆಸರಿನ ಕೆಳಗೆ ಆನ್‌ಲೈನ್ ಅಂತ ಬರುತ್ತದಾ ಅಂತ ಕಾದು ಕೂತಿರುತ್ತಿದ್ದ.

ಅಪ್ಪನಿಗೆ ಫೋನಿನ ಚಟವಾಗಿ ಕಂಡದ್ದು ಅದು.

ತಂದೆ ಆಮೇಲೆ ನನಗೆ ಹೇಳಿದರು. ಅದರಲ್ಲಿ ನಿನ್ನ ತಪ್ಪೇನಿದೆ, ಬಿಟ್ಟು ಹಾಕು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತಂತೆ. ನುಂಗಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, 'ಇಷ್ಟು ದಿನ ಇದನ್ನ ಒಬ್ನೇ ಇಟ್ಕೊಂಡಿದ್ಯಾ?' ಅಂದರು. ಹುಡುಗ ಅತ್ತ. ತಂದೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತರು. ಮರುದಿನ ಇಬ್ಬರೂ ಸೇರಿ ಆ ಗೆಳೆಯನಿಗೆ ಕರೆ ಮಾಡಿದರು. ಹುಡುಗನಿಗೆ ಏನು ಹೇಳಬೇಕು ಅಂತ ಆಗಲೂ ಗೊತ್ತಿರಲಿಲ್ಲ. 'ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೋ, ಅದಕ್ಕೇ ಬರೀಲಿಲ್ಲ' ಅಂದ. ಅಷ್ಟೇ ಸಾಕಾಯಿತು. ನನ್ನ ಜೊತೆ ಹುಡುಗ ಇನ್ನೂ ಕೆಲವು ತಿಂಗಳು ಮಾತಾಡಿದ. ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಗಲಿಲ್ಲ. ಆದರೆ ಬಾಗಿಲು ತೆರೆದದ್ದು ಆ ಸೂಜಿ ದಾರದಿಂದ, ನನ್ನ ಔಷಧದಿಂದ ಅಲ್ಲ.

ಇದು ಬರೀ ಭಾವುಕತೆ ಅಂದುಕೊಳ್ಳಬೇಡಿ. ಹರೆಯದ ಮೆದುಳಿನಲ್ಲಿ ಭಯ, ಸಿಟ್ಟು, ಆಸೆಯ ಭಾಗ ಬೇಗ ಚುರುಕಾಗುತ್ತದೆ. ಹಣೆಯ ಹಿಂದೆ ಇರುವ, ಅಳೆದು ತೂಗಿ ನೋಡುವ ಭಾಗ 25 ವರ್ಷದ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಅಂದರೆ ವೇಗ ಬಂದಿದೆ, ಬ್ರೇಕು ಇನ್ನೂ ಬಿಗಿಯಾಗಿಲ್ಲ. ಅಲ್ಲಿಯವರೆಗೆ ಆ ಬ್ರೇಕು ನೀವೇ. ಕಿರುಚುವ ಬ್ರೇಕಲ್ಲ, ಮೆಲ್ಲಗೆ ಹಿಡಿಯುವ ಬ್ರೇಕು. 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ, ಆ ಭಾವನೆ ಏನು ಅಂತ ಗುರುತಿಸಿ ಅಂದರು. ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಗಾಬರಿ ಎಬ್ಬಿಸುವ ಅಮಿಗ್ಡಲಾ ಅನ್ನುವ ಭಾಗದ ಆರ್ಭಟ ಕಡಿಮೆಯಾಯಿತು. ಹೇಳಿಕೊಂಡರೆ ಮನಸ್ಸು ಹಗುರ ಆಗುತ್ತದೆ ಅಂತ ನಾವು ಅನ್ನುತ್ತೇವಲ್ಲ, ಅದು ಸುಮ್ನೆ ಬಂದ ಮಾತಲ್ಲ. ಆದರೆ ಹೇಳಿಕೊಳ್ಳಬೇಕಾದರೆ ಕೇಳುವವರೊಬ್ಬರು ಬೇಕು. ಅದಕ್ಕೇ ಹೇಳುತ್ತಿರುವುದು, ಬುದ್ಧಿ ಹೇಳುವ ಮೊದಲು ಹತ್ತಿರ ಕೂತುಕೊಳ್ಳಿ.

ಆ ಪ್ರಸಂಗಕ್ಕೇ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಿದ್ದೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ತಡವಾಗಿ ಸುರಿಯುತ್ತದೆ. ತಡವಾಗಿ ನಿದ್ದೆ ಬರುವುದು ಕೊಬ್ಬಲ್ಲ, ದೇಹದ ಗಡಿಯಾರ. ಶಾಲೆಯ ಬೆಲ್ ಇಲ್ಲದಿದ್ದರೆ ಆ ಗಡಿಯಾರ ಇನ್ನೂ ಹಿಂದೆ ಬೀಳುತ್ತದೆ. ರಾತ್ರಿ ಬೇಗ ಮಲಗು ಅಂತ ಜಗಳ ಆಡುವುದಕ್ಕಿಂತ, ಬೆಳಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ ಬಿಸಿಲಿಗೆ ಕರೆದುಕೊಂಡು ಹೋಗಿ. ನೀವೂ ಜೊತೆಗೆ ನಿಲ್ಲಿ. ಎಂಟರಿಂದ ಹತ್ತು ಗಂಟೆ ನಿದ್ದೆ ಆ ವಯಸ್ಸಿಗೆ ಬೇಕೇ ಬೇಕು.

ಗೆಳೆಯರು. ರೋಗ ಹರಡುವಾಗ ದೂರ ಇರಬೇಕಾದದ್ದು ದೇಹ, ಮನಸ್ಸಲ್ಲ. 2020ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸಾಮಾಜಿಕ ಅಂತರ ಅನ್ನುವುದು ಬೇಡ, ದೈಹಿಕ ಅಂತರ ಅನ್ನೋಣ ಅಂದದ್ದು ಇದಕ್ಕೇ. ಗೆಳೆಯರ ಜೊತೆ ಮಾತಾಡುವ ಫೋನನ್ನು ಶಿಕ್ಷೆ ಅಂತ ಕಿತ್ತುಕೊಳ್ಳಬೇಡಿ.

ಸುದ್ದಿ. ಸಾವಿನ ಲೆಕ್ಕ ಹೇಳುವ ಟೀವಿಯನ್ನು ದಿನವಿಡೀ ಹಾಕಿಡಬೇಡಿ. ಮಕ್ಕಳು ಕೋಣೆಯೊಳಗಿಂದ ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ.

ಕೊನೆಯದು ತುಂಬಾ ಮುಖ್ಯ, ದಯವಿಟ್ಟು ಗಮನ ಇಟ್ಟು ಕೇಳಿ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಇಷ್ಟದ ಆಟ ಹಾಡು ಯಾವುದೂ ಬೇಡವಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಮೈ ಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ, ನಾನು ಇಲ್ಲದಿದ್ದರೆ ಒಳ್ಳೆಯದಿತ್ತು ಅನ್ನುವ ಮಾತು ಕೇಳಿದರೆ, ಎರಡು ವಾರ ಕಾಯಬೇಡಿ. ಅವತ್ತೇ ಹೋಗಿ. 'ಸಾಯಬೇಕು ಅನ್ನಿಸ್ತಾ ಇದೆಯಾ?' ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೊನೆಗೂ ಒಬ್ಬರು ಕೇಳಿದರಲ್ಲ ಅಂತ ಮಕ್ಕಳಿಗೆ ಉಸಿರು ಬಿಟ್ಟ ಹಾಗಾಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ. ಅಪಾಯದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಎತ್ತಿಡಿ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಮಗುವನ್ನು ಒಳಗೆ ಒಬ್ಬರೇ ಮಾತಾಡುವುದಕ್ಕೆ ಬಿಡಿ. ನೀವು ಹೊರಗಿನ ಬೆಂಚಿನಲ್ಲಿ ಕೂತಿರಿ. ಬಾಗಿಲು ತೆರೆದಾಗ ಮೊದಲು ಕಾಣುವ ಮುಖ ನಿಮ್ಮದಾಗಿರಲಿ. ಒಳಗೆ ಏನು ಹೇಳಿದೆ ಅಂತ ದಾರಿಯಲ್ಲಿ ಕೇಳಬೇಡಿ.

ನಮಸ್ಕಾರ.