ಮ್ಯಾಚ್ ನಿಲ್ಸಿ, ಟೀಮ್ ನಿಲ್ಸ್‌ಬೇಡಿ

ಎಲ್ರಿಗೂ ನಮಸ್ಕಾರ. ವೇದಿಕೆ ಮೇಲಿರೋ ಸಾಹೇಬ್ರಿಗೆ, ರಿಸರ್ವ್ ಪೊಲೀಸ್ ಇನ್‌ಸ್ಪೆಕ್ಟರ್ ಸಾಹೇಬ್ರಿಗೆ, ನಾಳೆಯಿಂದ ಈ ಪೊಲೀಸ್ ಫುಟ್ಬಾಲ್ ಟೂರ್ನಮೆಂಟ್ ಆಡಕ್ಕೆ ಬಂದಿರೋ ಎಲ್ಲಾ ಟೀಮ್‌ಗಳಿಗೆ, ಅದ್ರಲ್ಲೂ ನೈಟ್ ಬೀಟ್ ಮುಗಿಸ್ಕೊಂಡು ಮನೆಗೂ ಹೋಗ್ದೆ ಸೀದಾ ಇಲ್ಲಿಗೆ ಬಂದು ಹಿಂದಿನ ಸಾಲಲ್ಲಿ ಕೂತಿರೋ ಹುಡುಗ್ರಿಗೆ. ನಿದ್ದೆ ಬಂದ್ರೆ ಮಲಗ್ಬಿಡ್ರಪ್ಪ, ನಾನೇನೂ ಬೇಜಾರ್ ಮಾಡ್ಕೊಳಲ್ಲ. ನಾಳೆ ಬೆಳಿಗ್ಗೆ ಏಳು ಗಂಟೆಗೆ ನಾನು ವಿಸಲ್ ಊದಿದಾಗ ಎದ್ದಿದ್ರೆ ಸಾಕು.

ನಾನು ಪೊಲೀಸ್ ಅಲ್ಲ, ಅದು ನಿಮ್ಗೆಲ್ಲಾ ಗೊತ್ತು. ಹೈಸ್ಕೂಲ್ ಪಿಟಿ ಮೇಷ್ಟ್ರು, ರಿಟೈರ್ ಆಗಿದೀನಿ, ರೆಫ್ರಿ ಕೆಲಸ ಮಾತ್ರ ಬಿಟ್ಟಿಲ್ಲ. ಇವತ್ತು ನಂಗೆ ಕೊಟ್ಟಿರೋ ವಿಷ್ಯ ಕ್ರೀಡೆ ಮತ್ತು ಆರೋಗ್ಯ ಅಂತ. ಆರೋಗ್ಯದ ಬಗ್ಗೆ ಡಾಕ್ಟ್ರು ಆಗ್ಲೇ ಚೆನ್ನಾಗಿ ಹೇಳಿದ್ರು. ನಂಗೆ ಬೇರೆ ಒಂದು ಹೇಳೋದಿದೆ. ಮೊನ್ನೆ ಒಂದು ಮೀಟಿಂಗಲ್ಲಿ ಒಬ್ರು ಕೇಳಿದ್ರು, ಕೊರೋನಾ ಟೈಮಲ್ಲಿ ಈ ಫುಟ್ಬಾಲ್ ಇಲ್ದೇನೇ ಡಿಪಾರ್ಟ್‌ಮೆಂಟ್ ನಡೀತಲ್ಲ, ಈಗ ಯಾಕೆ ಇಷ್ಟು ಖರ್ಚು ಮಾಡಿ ಟೂರ್ನಮೆಂಟ್ ಮಾಡ್ಬೇಕು ಅಂತ. ಕೆಟ್ಟ ಮನಸಿಂದ ಕೇಳಿದ್ದಲ್ಲ, ಬಜೆಟ್ ನೋಡೋರು ಕೇಳೋ ಪ್ರಶ್ನೆನೇ ಅದು. ಆದ್ರೆ ಅವತ್ತಿಂದ ನಂಗೆ ಸುಮ್ನೆ ಕೂರಕ್ಕಾಗ್ತಿಲ್ಲ. ಯಾಕಂದ್ರೆ ಫುಟ್ಬಾಲ್ ಇಲ್ದೇ ನಡೀತು ಅನ್ನೋದೇ ಸರಿಯಿಲ್ಲ. ಮ್ಯಾಚ್ ಇರ್ಲಿಲ್ಲ, ಟೀಮ್ ಇತ್ತು. ನನ್ ಪ್ರಕಾರ ಆ ಎರಡು ವರ್ಷದಲ್ಲಿ ಟೀಮ್‌ಗಳು ಮಾಡಿದ ಕೆಲಸನ ಯಾರೂ ಲೆಕ್ಕಕ್ಕೇ ತಗೊಂಡಿಲ್ಲ.

2020ರ ಮಾರ್ಚ್ ನೆನಪ್ ಮಾಡ್ಕೊಳ್ಳಿ. ದೇಶದಲ್ಲೇ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯಲ್ಲಿ ಆಯ್ತು. ಅದು ಕೊರೋನಾದಿಂದಾನೇ ಅಂತ ಖಚಿತ ಆಗಿ ಎರಡೇ ದಿನಕ್ಕೆ, ಮಾರ್ಚ್ 14ಕ್ಕೆ, ಗೋವಾದ ಫಟೋರ್ಡಾ ಸ್ಟೇಡಿಯಮ್ಮಲ್ಲಿ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್ ಫೈನಲ್ ಆಡಿದ್ರು, ಒಬ್ಬ ಪ್ರೇಕ್ಷಕನೂ ಇಲ್ದೆ. ಟಿವಿಲಿ ನೋಡ್ತಿದ್ರೆ ಕೋಚ್ ಕೂಗೋದು, ಬಾಲ್ ಒದ್ದ ಸದ್ದು ಎಲ್ಲಾ ಕೇಳಿಸ್ತಿತ್ತು. ಮಾರ್ಚ್ 24ರ ರಾತ್ರಿ ಲಾಕ್‌ಡೌನ್. ನಮ್ಮ ಪರೇಡ್ ಗ್ರೌಂಡಲ್ಲಿ ಸಂಜೆ ಪ್ರಾಕ್ಟೀಸ್ ಮಾಡ್ತಿದ್ದೋರೆಲ್ಲ ಮಾರನೇ ದಿನದಿಂದ ಚೆಕ್‌ಪೋಸ್ಟಲ್ಲಿ. ಗೋಲ್‌ಕೀಪರ್ ಒಂದು ಸರ್ಕಲಲ್ಲಿ, ಸ್ಟಾಪರ್ ಬ್ಯಾಕ್ ಸೀಲ್‌ಡೌನ್ ಆದ ಬೀದಿ ಬಾಯಲ್ಲಿ ಬ್ಯಾರಿಕೇಡ್ ಪಕ್ಕ, ಫಾರ್ವರ್ಡ್ ಹುಡುಗ ಜಿಲ್ಲೆ ಗಡಿಯಲ್ಲಿ ಪಾಸ್ ಚೆಕ್ ಮಾಡ್ಕೊಂಡು. ಇಷ್ಟು ದಿನ ಬಾಲ್ ಪಾಸ್ ಮಾಡ್ತಿದ್ದೋನು ಈಗ ಪಾಸ್ ಕೇಳೋ ಹಂಗಾಯ್ತು ಅಂತ ಅವ್ರ ಟೀಮ್ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಹಾಕಿದ್ದ, ಅದನ್ನ ನಂಗೂ ಫಾರ್ವರ್ಡ್ ಮಾಡಿದ್ರು, ಆ ದಿನಗಳಲ್ಲಿ ನಾನು ಬಾಯ್ತುಂಬಾ ನಕ್ಕಿದ್ದು ಅದೊಂದಕ್ಕೇನೇ.

ಆ ಗ್ರೂಪ್ ಇದ್ಯಲ್ಲ, ಅಲ್ಲಿಗೇ ಬರ್ತೀನಿ. ಸ್ಟೇಷನ್ ಗ್ರೂಪಲ್ಲಿ ಏನ್ ಬರುತ್ತೆ ನಿಮ್ಗೊತ್ತು. ಡ್ಯೂಟಿ ಲಿಸ್ಟ್, ಬಂದೋಬಸ್ತ್ ಆರ್ಡರ್, ಅದ್ರ ಕೆಳಗೆ ಮೂವತ್ತು ಜನರ ಓಕೆ ಸರ್, ಜೈ ಹಿಂದ್ ಸರ್. ಅಲ್ಲಿ ಒಬ್ಬ ಪಿಸಿ, ಅಂದ್ರೆ ಪೊಲೀಸ್ ಕಾನ್‌ಸ್ಟೇಬಲ್, ಸರ್ ನಂಗೆ ಭಯ ಆಗ್ತಿದೆ, ಮನೇಲಿ ಚಿಕ್ಕ ಮಗು ಇದೆ, ಯಾಕೋ ರಾತ್ರಿಯಿಂದ ಗಂಟ್ಲು ಕೆರೀತಿದೆ ಅಂತ ಬರೀತಾನಾ? ಬರೆಯಲ್ಲ. ಬರೀಬಾರ್ದು ಅಂತ ಯಾರೂ ಹೇಳಿಲ್ಲ, ಆದ್ರೂ ಬರೆಯಲ್ಲ. ಯೂನಿಫಾರ್ಮ್ ಹಾಕಿದ ಮನುಷ್ಯ ಮೇಲಿನೋರ ಮುಂದೆ ಹುಷಾರಿಲ್ಲ ಅಂತ ಹೇಳೋದು ಅಷ್ಟು ಸುಲಭ ಅಲ್ಲ. ಆದ್ರೆ ಟೀಮ್ ಗ್ರೂಪಲ್ಲಿ ಬರೀತಾನೆ. ಕ್ಯಾಪ್ಟನ್‌ಗೆ ಹೇಳ್ತಾನೆ. ಸಾಹೇಬ್ರಿಗೆ ಹೇಳದೇ ಇರೋದನ್ನ ಕ್ಯಾಪ್ಟನ್‌ಗೆ ಹೇಳ್ತಾನೆ. ಇದನ್ನ ನಾನು ಇನ್ನೂ ಎರಡ್ಮೂರು ಸಲ ಹೇಳ್ತೀನಿ ಇವತ್ತು, ದಯವಿಟ್ಟು ಸಹಿಸ್ಕೊಳ್ಳಿ.

ಯಾಕೆ ಹೇಳ್ತಾನೆ ಅಂದ್ರೆ, ಗ್ರೌಂಡಲ್ಲಿ ಭುಜದ ಮೇಲೆ ಸ್ಟಾರ್ ಇರಲ್ಲ, ಬೆನ್ನ ಮೇಲೆ ನಂಬರ್ ಇರುತ್ತೆ. ಪಿಎಸ್‌ಐ ಒಬ್ರು ರೈಟ್ ಬ್ಯಾಕ್ ಆಡ್ತಿದ್ರೆ ಹಿಂದಿಂದ ಗೋಲ್‌ಕೀಪರ್, ಅವನು ಪಿಸಿ, ಜೋರಾಗಿ ಕೂಗ್ತಾನೆ, ಬಾಲ್ ಬಿಡ್ರೀ, ಹೊಡೀರೀ ಆಚೆಗೆ ಅಂತ. ಅದೇ ಸ್ಟೇಷನಲ್ಲಿ ಕೂಗಕ್ಕಾಗುತ್ತಾ? ಮ್ಯಾಚ್ ಮುಗಿದ್ ಮೇಲೆ ಇಬ್ರೂ ಒಂದೇ ಬಾಟ್ಲಿಲಿ ನೀರ್ ಕುಡೀತಾರೆ. ಅಲ್ಲಿ ಹುಟ್ಟಿದ ಸಲಿಗೆ ಕಷ್ಟ ಬಂದಾಗ ಕೆಲಸಕ್ಕೆ ಬಂತು.

ಇದೇನು ನಿನ್ನೆ ಮೊನ್ನೆ ಶುರುವಾದ ಆಟ ಅಲ್ಲ. ನಮ್ಮ ದೇಶದ ಫುಟ್ಬಾಲ್ ಚರಿತ್ರೆಲಿ ಪೊಲೀಸ್ರನ್ನ ತೆಗೆದುಬಿಟ್ರೆ ಅರ್ಧ ಪುಸ್ತಕ ಖಾಲಿ. ಹೈದ್ರಾಬಾದ್ ಸಿಟಿ ಪೊಲೀಸ್ ಟೀಮ್ 1950ರಿಂದ 54ರ ತನಕ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಮೊದಲನೇ ಸಲ ಫೈನಲಲ್ಲಿ ಸೋಲ್ಸಿದ್ದು ನಮ್ಮ ಬೆಂಗಳೂರಿನ ಆರ್ಯನ್ ಜಿಮ್‌ಖಾನಾನ, ಅದು ನಂಗೆ ಈಗ್ಲೂ ಹೊಟ್ಟೆ ಉರಿ, ಇರ್ಲಿ. ಆ ಟೀಮ್‌ನ ಕೋಚ್ ಸೈಯದ್ ಅಬ್ದುಲ್ ರಹೀಮ್, ಮೂಲತಃ ಸ್ಕೂಲ್ ಮೇಷ್ಟ್ರು. ಮೇಷ್ಟ್ರು ಅನ್ನೋದನ್ನ ಒತ್ತಿ ಹೇಳ್ತಿದೀನಿ, ಮುಂದಿನ ಸಾಲಲ್ಲಿ ನಮ್ಮ ಪಿಟಿ ಮೇಷ್ಟ್ರುಗಳು ಕೂತಿದಾರೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸಲ್ಲಿ ಇಂಡಿಯಾ ನಾಲ್ಕನೇ ಸ್ಥಾನ ಬಂತಲ್ಲ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಬಂತಲ್ಲ, ಎರಡಕ್ಕೂ ಕೋಚ್ ಅವ್ರೇ. ಆಮೇಲೆ ಬಿಎಸ್‌ಎಫ್ ಜಲಂಧರ್, ಏಳು ಡ್ಯುರಾಂಡ್ ಕಪ್. ಆಮೇಲೆ ಕೇರಳ ಪೊಲೀಸ್, 1990, 91ರಲ್ಲಿ ಬೆನ್ನಿಗೆ ಬೆನ್ನಿಗೆ ಫೆಡರೇಷನ್ ಕಪ್. ವಿ.ಪಿ. ಸತ್ಯನ್, ಪಾಪಚ್ಚನ್, ಶರಫ್ ಅಲಿ, ಐ.ಎಂ. ವಿಜಯನ್. ತ್ರಿಶೂರಿನ ಸ್ಟೇಡಿಯಮ್ಮಲ್ಲಿ ಸೋಡಾ ಮಾರ್ತಿದ್ದ ಹುಡುಗ ವಿಜಯನ್, ಅವ್ರನ್ನ ಕರ್ಕೊಂಡು ಆಟಗಾರನ್ನಾಗಿ ಮಾಡಿದ್ದು ಪೊಲೀಸ್ ಟೀಮೇ. ಪ್ರತಿ ವರ್ಷ ಅಖಿಲ ಭಾರತ ಪೊಲೀಸ್ ಫುಟ್ಬಾಲ್ ಚಾಂಪಿಯನ್‌ಶಿಪ್ ಬಿ.ಎನ್. ಮಲಿಕ್ ಅವ್ರ ಹೆಸ್ರಲ್ಲಿ ನಡಿಯುತ್ತೆ, ಇಂಟೆಲಿಜೆನ್ಸ್ ಬ್ಯೂರೋ ಡೈರೆಕ್ಟರ್ ಆಗಿದ್ದೋರು. ಅಂದ್ರೆ ದೊಡ್ಡೋರಿಗೂ ಒಂದ್ ಕಾಲದಲ್ಲಿ ಇದ್ರ ಬೆಲೆ ಗೊತ್ತಿತ್ತು.

ಬರೀ ನಮ್ಮಲ್ಲೇ ಅಲ್ಲ. ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಫುಟ್ಬಾಲ್ ಕ್ಲಬ್ ಶುರುವಾಗಿದ್ದು 1919ರಲ್ಲಿ. ಆಗ ಜಗತ್ತಲ್ಲಿ ಸ್ಪ್ಯಾನಿಷ್ ಫ್ಲೂ ಇನ್ನೂ ಪೂರ್ತಿ ಹೋಗಿರ್ಲಿಲ್ಲ. ಯುದ್ಧ, ಅದ್ರ ಮೇಲೆ ಆ ಕಾಯಿಲೆ, ಅಷ್ಟೆಲ್ಲ ನೋಡ್ಬಿಟ್ಟು ಅವ್ರು ಕ್ಲಬ್ ಕಟ್ಟಿದ್ರು. ನೂರು ವರ್ಷ ತುಂಬಿದ ಸೀಸನ್ನಲ್ಲೇ ಕೊರೋನಾ ಬಂದು, ಅವ್ರಾಡೋ ಲೆವೆಲ್ಲಿನ ಲೀಗ್‌ಗಳ ಇಡೀ ಸೀಸನ್ ರಿಸಲ್ಟನ್ನೇ ಅಳಿಸ್ಹಾಕಿದ್ರು. ಆಡಿದ್ದೆಲ್ಲ ಆಡೇ ಇಲ್ಲ ಅನ್ನೋ ಲೆಕ್ಕ. ಕ್ಲಬ್ ಮಾತ್ರ ಅಳಿಸಿಹೋಗ್ಲಿಲ್ಲ. ಇದೇ ನಾನ್ ಹೇಳ್ತಿರೋದು.

ಈಗ ಒಂದು ಮ್ಯಾಚಿನ ಕತೆ. ಇದನ್ನ ಕೆಲವ್ರು ಮುಂಚೆನೇ ಕೇಳಿದೀರ, ಮತ್ತೆ ಕೇಳಿ.

ಮೊದಲನೇ ಅಲೆ ಇಳಿದಿತ್ತು, ಎರಡನೇದು ಬರುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. 2021ರ ಫೆಬ್ರವರಿ, ಫ್ರಂಟ್‌ಲೈನ್ ವರ್ಕರ್ಸ್ ಅಂತ ಪೊಲೀಸ್ರಿಗೆ ಲಸಿಕೆ ಶುರುವಾಗಿತ್ತು. ಒಂದು ಜಿಲ್ಲೆ, ಹೆಸ್ರು ಬೇಡ, ಅಲ್ಲಿ ಡಿಎಆರ್, ಅಂದ್ರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಟೀಮ್‌ಗೂ, ಸ್ಟೇಷನ್‌ಗಳ ಸಿವಿಲ್ ಪೊಲೀಸ್ ಟೀಮ್‌ಗೂ ಒಂದು ಫ್ರೆಂಡ್ಲಿ ಮ್ಯಾಚ್ ಇಟ್ಕೊಂಡ್ರು. ಟ್ರೋಫಿ ಇಲ್ಲ, ಶಾಮಿಯಾನ ಇಲ್ಲ, ಪ್ರೇಕ್ಷಕರು ಇಲ್ಲ, ಮಾಸ್ಕ್ ಹಾಕ್ಕೊಂಡ ಇಬ್ರು ಹೋಮ್ ಗಾರ್ಡ್ಸ್ ಗೋಡೆ ಪಕ್ಕ ನಿಂತು ನೋಡ್ತಿದ್ರು ಅಷ್ಟೇ. ಈ ಎರಡು ಟೀಮ್ ಮಧ್ಯೆ ಎಷ್ಟು ಜಿದ್ದು ಅಂತ ಇಲ್ಲಿರೋರಿಗೆ ನಾನು ಹೇಳ್ಬೇಕಾಗಿಲ್ಲ, ಅದಕ್ಕೆ ಹಿಂದಿನ ವರ್ಷದ ಫೈನಲಲ್ಲಿ ನಾನು ತೋರ್ಸಿದ ಕಾರ್ಡುಗಳೇ ಸಾಕ್ಷಿ. ನಾನು ಟಾಸ್ ಹಾಕಕ್ಕೆ ಕರೆದ್ರೆ ಡಿಎಆರ್ ಕಡೆ ಒಂಬತ್ತೇ ಜನ. ಒಬ್ಬ ಕ್ವಾರಂಟೈನ್, ಇನ್ನೊಬ್ಬನ ತಂದೆ ಆಸ್ಪತ್ರೆಲಿ, ಉಳಿದೋರು ಬಂದೋಬಸ್ತಿಗೆ ಹೋಗಿದ್ರು. ರೂಲ್ ಪ್ರಕಾರ ಏಳು ಜನ ಇದ್ರೂ ಮ್ಯಾಚ್ ಆಡಿಸ್ಬಹುದು, ಏಳಕ್ಕಿಂತ ಕಮ್ಮಿ ಇದ್ರೆ ಮಾತ್ರ ಶುರು ಮಾಡೋ ಹಂಗಿಲ್ಲ. ನಾನು ಅದನ್ನೇ ಹೇಳ್ದೆ, ಆಡ್ರಪ್ಪ, ತೊಂದ್ರೆ ಇಲ್ಲ ಅಂತ.

ಸಿವಿಲ್ ಕ್ಯಾಪ್ಟನ್ ಒಬ್ರು ಹೆಡ್ ಕಾನ್‌ಸ್ಟೇಬಲ್, ವಯಸ್ಸು ನಲವತ್ತು ದಾಟಿತ್ತು, ಹಾಫಲ್ಲಿ, ಅಂದ್ರೆ ಮಿಡ್‌ಫೀಲ್ಡಲ್ಲಿ ಆಡ್ತಿದ್ರು. ಅವ್ರು ಬಂದು, ಮೇಷ್ಟ್ರೇ ಬೇಡ, ಒಂಬತ್ತು ಜನರನ್ನ ಸೋಲ್ಸಿ ನಾವೇನ್ ಮಾಡೋಣ, ನಮ್ಮತ್ರ ಹದಿಮೂರು ಜನ ಇದಾರೆ, ಇಬ್ರುನ್ನ ತಗೊಳ್ಳಿ ಅಂದ್ರು. ಕೊಟ್ಟಿದ್ದು ಯಾರನ್ನ? ಬೆಂಚಲ್ಲಿ ಕೂತ ಹೊಸಬ್ರನ್ನ ಕೊಡ್ತಾರೆ ಅಂದ್ಕೊಂಡ್ರೆ, ಒಬ್ಬ ಹೊಸಬ, ಜೊತೆಗೆ ತಮ್ಮ ಮೇನ್ ಸ್ಟಾಪರ್ ಬ್ಯಾಕನ್ನೇ ಕಳ್ಸಿದ್ರು. ಅವನೂ ತುಟಿ ಪಿಟಕ್ ಅನ್ನಲಿಲ್ಲ, ಆ ಕಡೆ ಜೆರ್ಸಿ ಹಾಕ್ಕೊಂಡು ನಿಂತ. ಮೊದಲ ಹತ್ತು ನಿಮಿಷ ಒಳ್ಳೆ ತಮಾಷೆ. ಅವನು ಬಾಲ್ ತಡೀತಾನೆ, ತಲೆ ಎತ್ತಿ ನೋಡ್ತಾನೆ, ಅಭ್ಯಾಸಬಲ, ತನ್ನ ಹಳೇ ಕ್ಯಾಪ್ಟನ್‌ಗೇ ಪಾಸ್ ಕೊಡ್ತಾನೆ! ಡಿಎಆರ್ ಹುಡುಗ್ರೆಲ್ಲ ಅಯ್ಯೋ ಅಂತ ತಲೆ ಮೇಲೆ ಕೈ. ಎರಡನೇ ಸಲ ಮತ್ತೆ ಅದೇ. ಮೂರನೇ ಸಲ ಕ್ಯಾಪ್ಟನ್ನೇ ಕೂಗಿದ್ರು, ಲೋ ನಾನು ಇವತ್ತು ನಿನ್ ಎದುರಾಳಿ ಕಣೋ, ಆ ಕಡೆ ಕೊಡೋ ಅಂತ. ಅಲ್ಲಿಂದ ನೋಡಿ, ಅವನು ಹೆಂಗೆ ಆಡ್ದ ಅಂದ್ರೆ, ಸಿವಿಲ್ ಫಾರ್ವರ್ಡ್‌ಗಳು ಒಬ್ರೂ ಪೆನಾಲ್ಟಿ ಏರಿಯಾ ಒಳಗೆ ನೆಟ್ಟಗೆ ಕಾಲಿಡಕ್ಕಾಗ್ಲಿಲ್ಲ. ಉಸಿರು ಕಟ್ತಿತ್ತು ಎಲ್ರಿಗೂ, ಅದ್ರಲ್ಲಿ ಎಷ್ಟೋ ಜನ ಕೊರೋನಾ ಬಂದು ಹೋದೋರೇ, ನಾನು ಎರಡು ಕಡೆನೂ ನೀರಿಗೆ ಅಂತ ಮ್ಯಾಚ್ ನಿಲ್ಸ್ತಿದ್ದೆ. 2020ರ ಮೇ ತಿಂಗಳಲ್ಲಿ ಫುಟ್ಬಾಲ್ ರೂಲ್ ಮಾಡೋ ಇಂಟರ್‌ನ್ಯಾಷನಲ್ ಬೋರ್ಡ್‌ನೋರು ಮೂರರ ಬದಲು ಐದು ಸಬ್ಸ್ಟಿಟ್ಯೂಟ್ ಹಾಕ್ಬಹುದು ಅಂತ ಒಪ್ಪಿದ್ರಲ್ಲ, ಅದು ಎಂಥ ಒಳ್ಳೇ ತೀರ್ಮಾನ ಅಂತ ನಂಗೆ ಅವತ್ತು ಅರ್ಥ ಆಯ್ತು, ಆದ್ರೆ ನಮ್ಮಲ್ಲಿ ಹಾಕಕ್ಕೆ ಸಬ್ಸ್ಟಿಟ್ಯೂಟೇ ಇರ್ಲಿಲ್ಲ. ಮ್ಯಾಚ್ ಒಂದು ಒಂದು ಡ್ರಾ.

ಮುಗಿದ್ ಮೇಲೆ ಆ ಹುಡುಗನ್ನ ಕೇಳ್ದೆ, ಏನಪ್ಪ ನಿನ್ ಟೀಮ್ ಮೇಲೇ ಇಷ್ಟು ಜೋರಾಗಿ ಆಡ್ದೆ ಅಂತ. ಅವನು ಸ್ಟಡ್ಸ್ ಬಿಚ್ಚಿಕೊಂಡು ಹೇಳ್ದ, ಸರ್, ಜುಲೈಲಿ ನಂಗೆ ಪಾಸಿಟಿವ್ ಬಂದಾಗ ಕ್ವಾರ್ಟರ್ಸಲ್ಲಿ ನಮ್ಮ ಮನೆ ಸೀಲ್‌ಡೌನ್ ಮಾಡಿದ್ರು, ಪಕ್ಕದ ಮನೆಯೋರು ಕಿಟಕಿನೂ ತೆಗೀತಿರ್ಲಿಲ್ಲ, ದಿನಾ ಹಾಲು ತರಕಾರಿ ಗೇಟ್ ಹತ್ರ ಇಟ್ಟು ಹೋಗ್ತಿದ್ದಿದ್ದು ಡಿಎಆರ್ ಗೋಲ್‌ಕೀಪರ್ ಸರ್, ನಮ್ ಟೀಮ್ ಅಲ್ಲ ಏನಲ್ಲ, ಮೈದಾನದಲ್ಲಿ ಬೈದಾಡಿದ ಪರಿಚಯ ಅಷ್ಟೇ.

ಬೈದಾಡಿದ ಪರಿಚಯ. ಇದಕ್ಕೆ ಯಾವ ಹೆಡ್ಡಲ್ಲಿ ಬಜೆಟ್ ಹಾಕ್ತೀರಿ ಸ್ವಾಮಿ? ಟೂರ್ನಮೆಂಟ್ ಇಲ್ದಿದ್ರೆ ಆ ಇಬ್ರಿಗೆ ಒಬ್ರಿಗೊಬ್ರು ಯಾರು ಅಂತಾನೇ ಗೊತ್ತಿರ್ತಿರ್ಲಿಲ್ಲ, ಬೇರೆ ಬೇರೆ ಯೂನಿಟ್ಟು, ಬೇರೆ ಬೇರೆ ರೋಲ್‌ಕಾಲು.

ಅದಾಗಿ ಎರಡು ತಿಂಗಳಿಗೆ ಎರಡನೇ ಅಲೆ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ. ಅದು ಮೊದಲನೇದ್ರ ಥರ ಇರ್ಲಿಲ್ಲ, ಬೆಡ್ಡು, ಆಕ್ಸಿಜನ್ನು, ನಿಮ್ಗೆ ಗೊತ್ತು, ನಾನು ವಿವರಿಸಲ್ಲ, ಇಲ್ಲಿ ಕೂತಿರೋರಲ್ಲಿ ಮನೆಯೋರನ್ನ ಕಳ್ಕೊಂಡೋರು ಇದೀರ. ಆ ಟೈಮಲ್ಲಿ ಟೀಮ್ ಗ್ರೂಪ್‌ಗಳಲ್ಲಿ ಬಾಲಿನ ಮಾತೇ ಇಲ್ಲ. ಇಂಥ ಆಸ್ಪತ್ರೆಲಿ ಒಂದು ಬೆಡ್ ಇದೆ, ಬೇಗ ಹೋಗಿ, ಇಂಥವ್ರಿಗೆ ಬಿ ನೆಗೆಟಿವ್ ಬೇಕು, ನಂದಿದೆ ಬರ್ತೀನಿ, ಬರೀ ಇದೇ. ಲಿಸ್ಟ್ ರೆಡಿ ಇತ್ತು, ಯಾರ್ದು ಯಾವ ಬ್ಲಡ್ ಗ್ರೂಪ್, ಯಾರ ಮನೆ ಎಲ್ಲಿ, ಯಾರತ್ರ ಗಾಡಿ ಇದೆ. ಎಲ್ಲಿಂದ ಬಂತು ಆ ಲಿಸ್ಟು? ಟೂರ್ನಮೆಂಟ್ ಎಂಟ್ರಿ ಫಾರ್ಮಿಂದ! ಎಂಟ್ರಿ ಫಾರ್ಮಲ್ಲಿ ಬ್ಲಡ್ ಗ್ರೂಪ್ ಯಾಕೆ ಕೇಳ್ತೀರಿ ಅಂತ ನನ್ ಜೊತೆ ಜಗಳ ಆಡ್ತಿದ್ದೋರೂ ಇಲ್ಲೇ ಇದೀರ.

ಅದಕ್ಕೇ ಮತ್ತೆ ಹೇಳ್ತೀನಿ, ಸಾಹೇಬ್ರಿಗೆ ಹೇಳದೇ ಇರೋದನ್ನ ಕ್ಯಾಪ್ಟನ್‌ಗೆ ಹೇಳ್ತಾನೆ.

ಮ್ಯಾಚ್ ಆಡಿಸ್ಲೇಬೇಕಿತ್ತು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ನಿಲ್ಸಿದ್ದು ಸರಿ. 2020ರಲ್ಲಿ ಡ್ಯುರಾಂಡ್ ಕಪ್ಪೇ ನಡೀಲಿಲ್ಲ. 2021ರ ಸೆಪ್ಟೆಂಬರಲ್ಲಿ ಕೋಲ್ಕತ್ತಾದಲ್ಲಿ ನಡೆಸಿದಾಗ ಸಿಆರ್‌ಪಿಎಫ್ ಟೀಮೂ ಬಂದಿತ್ತು, ನಮ್ಮ ಎಫ್‌ಸಿ ಬೆಂಗಳೂರು ಯುನೈಟೆಡ್ ಇದ್ದ ಗ್ರೂಪಲ್ಲೇ. ಆದ್ರೆ ಆರ್ಮಿ ರೆಡ್ ಅಷ್ಟು ಚೆನ್ನಾಗಿ ಆಡಿ ಕ್ವಾರ್ಟರ್ ಫೈನಲಿಗೆ ಬಂದು, ಟೀಮಲ್ಲಿ ಕೊರೋನಾ ಕಾಣಿಸ್ಕೊಂಡು ಆಡ್ದೇ ವಾಪಸ್ ಹೋಗ್ಬೇಕಾಯ್ತು. ಎಷ್ಟು ನೋವಾಗಿರುತ್ತೆ ಯೋಚನೆ ಮಾಡಿ, ಆದ್ರೂ ಅದೇ ಸರಿ. ಮ್ಯಾಚ್ ನಿಲ್ಸಿ, ಟೀಮ್ ನಿಲ್ಸ್‌ಬೇಡಿ ಅಂತಷ್ಟೇ ನನ್ನ ಬೇಡಿಕೆ.

ಚೀಟಿ ಬಂತು. ಊಟಕ್ಕೆ ಲೇಟಾಗ್ತಿದೆಯಂತೆ, ಐದ್ ನಿಮಿಷ ಕೊಟ್ಟಿದಾರೆ. ಗಾಯ, ಸ್ಟ್ರೆಚಿಂಗ್ ಬಗ್ಗೆ ಹೇಳೋದಿತ್ತು, ಅದನ್ನ ನಾಳೆ ಗ್ರೌಂಡಲ್ಲೇ ತೋರಿಸ್ತೀನಿ. ಕೊರೋನಾ ಆದ್ಮೇಲೆ ಎದೆ ನೋವು, ಸುಸ್ತು ಇರೋರು ದಯವಿಟ್ಟು ಇಸಿಜಿ ಮಾಡಿಸ್ದೇ ತೊಂಬತ್ತು ನಿಮಿಷ ಆಡ್ಬೇಡಿ, ಡಾಕ್ಟ್ರು ಇಲ್ಲೇ ಇದಾರೆ, ಊಟ ಆದ್ಮೇಲೆ ಹೋಗಿ ಮಾತಾಡಿ.

ಮಹಿಳಾ ಸಿಬ್ಬಂದಿ ಬಗ್ಗೆ ಒಂದು ಪುಟ ಬರ್ಕೊಂಡಿದ್ದೆ, ಅಯ್ಯೋ ಅದೇ ಮುಖ್ಯ. ಕಂಟೇನ್‌ಮೆಂಟ್ ಝೋನಲ್ಲಿ ಅಷ್ಟೇ ಗಂಟೆ ನಿಂತ ಹೆಣ್ಮಕ್ಳಿಗೆ ಈ ಜಿಲ್ಲೆಯಲ್ಲಿ ಇನ್ನೂ ಒಂದು ಟೀಮ್ ಇಲ್ಲ. ಟೀಮ್ ಇಲ್ದಿದ್ರೆ ಕ್ಯಾಪ್ಟನ್ ಇಲ್ಲ, ಕ್ಯಾಪ್ಟನ್ ಇಲ್ದಿದ್ರೆ ಅವ್ರು ಯಾರಿಗೆ ಹೇಳ್ಬೇಕು? ಏಳು ಜನ ಸಿಕ್ರೆ ಸಾಕು ಅಂತ ಆಗ್ಲೇ ಹೇಳ್ದೆ. ನಾಲ್ಕು ಜನ ಆಗ್ಲೇ ನನ್ ಹತ್ರ ಹೆಸ್ರು ಕೊಟ್ಟಿದಾರೆ, ಅವ್ರಿಗೆ ಸಂಜೆ ಐದರಿಂದ ಆರು ಗ್ರೌಂಡ್ ಬಿಟ್ಕೊಡೋ ಪತ್ರನೂ ಟೈಪ್ ಮಾಡಿಸಿ ತಂದಿದೀನಿ. ಸಾಹೇಬ್ರು ಊಟಕ್ಕೆ ಏಳೋಕ್ ಮುಂಚೆ ಸಹಿ ಹಾಕ್ಕೊಟ್ರೆ ಇನ್ನು ಮೂರೇ ಜನ ಹುಡುಕೋದು ಬಾಕಿ. ಪೆನ್ ಇಲ್ಲಿದೆ ಸರ್.