ಒಂದು ಮೇಜು, ನಾಲ್ಕು ಟೋಕನ್

ಕೇಳುಗರಿಗೆ ನಮಸ್ಕಾರ.

ಹೋದ ಭಾನುವಾರ ಸಂಜೆ ತುಮಕೂರಿನ ಒಂದು ಫುಡ್ ಕೋರ್ಟಿಗೆ ಮನೆಮಂದಿಯೆಲ್ಲ ಹೋಗಿದ್ದೆವು. ನಡುವೆ ಮೇಜು, ಕುರ್ಚಿ. ಸುತ್ತ ಏಳೆಂಟು ಅಂಗಡಿ. ನನಗೆ ತಟ್ಟೆ ಇಡ್ಲಿ, ಹೆಂಡತಿಗೆ ಮಸಾಲೆ ದೋಸೆ, ಮಗಳಿಗೆ ಗೋಬಿ ಮಂಚೂರಿ, ಅಮ್ಮನಿಗೆ ಮುದ್ದೆ, ಬಸ್ಸಾರು. ಯಾವ ಹೋಟೆಲಿಗೆ ಹೋಗುವುದೆಂಬ ಜಗಳಕ್ಕೆ ಅಲ್ಲಿ ಎಡೆಯೇ ಇಲ್ಲ.

ಹಣ ಕೊಟ್ಟು ತಿರುಗುವಷ್ಟರಲ್ಲಿ ನನ್ನ ಇಡ್ಲಿ ಬಂತು. ಕ್ಯಾತ್ಸಂದ್ರದಲ್ಲಿ ತಿಂದವರಿಗೆ ಇದು ಹೊಸದಲ್ಲ. ಅಗಲದ ತಟ್ಟೆಗಳಿಗೆ ಹಿಟ್ಟು ಹುಯ್ದು, ಒಂದರ ಮೇಲೊಂದು ಜೋಡಿಸಿ ಹಬೆಗಿಟ್ಟಿರುತ್ತಾರೆ; ಕೇಳಿದವರಿಗೆ ತೆಗೆದು ಕೊಡುವುದಷ್ಟೇ ಕೆಲಸ. ಮುದ್ದೆಯನ್ನೂ ಮೊದಲೇ ಕಟ್ಟಿಟ್ಟಿದ್ದರು. ದೋಸೆ ಕಾವಲಿಯ ಸರದಿ ಕಾಯಬೇಕು. ಗೋಬಿಯದ್ದಂತೂ ಎರಡು ಕೆಲಸ: ಹಿಟ್ಟಿನಲ್ಲಿ ಅದ್ದಿ ಕರಿಯಬೇಕು, ಆಮೇಲೆ ಈರುಳ್ಳಿ, ಸಾಸು ಹಾಕಿ ದೊಡ್ಡ ಉರಿಯಲ್ಲಿ ಬಾಡಿಸಬೇಕು. ಮಗಳ ಟೋಕನ್ 64. ಗೋಡೆಯ ಮೇಲೆ ಕೆಂಪಗೆ ಉರಿಯುತ್ತಿದ್ದದ್ದು 51.

ನಾನು ಇಡ್ಲಿಗೆ ಕೈಹಾಕಿದೆ. ಅಮ್ಮ ಹಾಕಲಿಲ್ಲ. "ಮಗು ಮುಂದೆ ತಟ್ಟೆಯೇ ಇಲ್ಲ, ನೀನು ಹೇಗೆ ತಿನ್ನುತ್ತೀಯಪ್ಪಾ?" ಎಂದರು.

ಅಮ್ಮನದು ಪಂಕ್ತಿಯ ಲೆಕ್ಕ. ಸಿದ್ಧಗಂಗೆಯ ದಾಸೋಹದ ಊರಿನವರು ನಾವು. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದರು. ಈಗ ಆ ದಿನವೇ ದಾಸೋಹ ದಿನ. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಅಡುಗೆ, ಕೊನೆಯವನಿಗೆ ಬಡಿಸುವ ತನಕ ಮೊದಲನೆಯವನು ಕಾಯುತ್ತಾನೆ. ಫುಡ್ ಕೋರ್ಟಿನಲ್ಲಿ ಅಂಗಡಿಗೊಂದು ಒಲೆ, ಒಲೆಗೊಂದು ಗಡಿಯಾರ. ದೋಸೆಯವನಿಗೆ ಗೋಬಿಯವನ ಗೊಡವೆಯಿಲ್ಲ.

ಇನ್ನು ಮೇಜು. ನಮ್ಮ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಚಟ್ನಿ ಒಣಗಿತ್ತು. ಇಡ್ಲಿಯವರನ್ನು ಕೇಳಿದರೆ, "ಮೇಜು ನಮ್ಮದಲ್ಲ ಸಾರ್" ಎಂದರು. ಅದೂ ನಿಜವೇ. ಅಂಗಡಿಯವರು ಬಾಡಿಗೆಯನ್ನೋ ವ್ಯಾಪಾರದಲ್ಲಿ ಪಾಲನ್ನೋ ಜಾಗದ ಮಾಲೀಕರಿಗೆ ಕೊಡುತ್ತಾರೆ. ಮೇಜು, ನೀರು, ಕಸ ಮಾಲೀಕರ ಪಾಲಿಗೆ. ಒರೆಸುವ ಹುಡುಗ ಒಬ್ಬನೇ, ಮೇಜುಗಳು ನಲವತ್ತರ ಹತ್ತಿರ. ಸಿಂಗಪುರದಲ್ಲಿ ಬೀದಿ ವ್ಯಾಪಾರಿಗಳನ್ನು ಸೂರಿನಡಿ ತಂದ ಇಂಥ ಕೇಂದ್ರಗಳು ಬಹಳ ಹಳೆಯವು. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಆ ಸಂಸ್ಕೃತಿ ಸೇರಿತು. ಅಲ್ಲಿಯೂ ಎಂಜಲು ತಟ್ಟೆಯ ತಕರಾರು ಮುಗಿಯದೆ, 2021ರ ಸೆಪ್ಟೆಂಬರಿನಿಂದ ತಿಂದವರೇ ತಟ್ಟೆ ಎತ್ತಿಡಬೇಕು, ಮೇಜಿನ ಮೇಲೆ ಬಿಡಬಾರದು ಎಂಬ ನಿಯಮವನ್ನು ಕಟ್ಟುನಿಟ್ಟು ಮಾಡಿದರು. ಎಂಜಲೆಲೆ ತಾನೇ ಎತ್ತಿ ಬೆಳೆದ ನಮ್ಮ ಅಮ್ಮನಿಗೆ ಇದನ್ನು ಹೇಳಿದರೆ, "ಅದಕ್ಕೂ ಕಾನೂನು ಬೇಕೇ?" ಎಂದು ನಕ್ಕಾರು.

ಅಷ್ಟರಲ್ಲಿ ಮುದ್ದೆ ಆರಿ, ಮೇಲೆ ಸಿಪ್ಪೆಯಂತೆ ಗಟ್ಟಿ ಪದರ ಕಟ್ಟಿತ್ತು. ಅಮ್ಮ ಅದನ್ನು ಬೆರಳಿನಿಂದ ಒತ್ತಿ ನೋಡಿ, "ಇನ್ನೊಮ್ಮೆ ಬಂದರೆ ಗೋಬಿಗೆ ಮೊದಲು ಚೀಟಿ ಬರೆಸು, ಮುದ್ದೆಗೆ ಕೊನೆಗೆ" ಎಂದರು. ಗೋಡೆಯ ಮೇಲೆ 63 ಬಂತು. ಮಗಳು ಎದ್ದು ನಿಂತಳು. ನಾನು ಅರ್ಧ ತಿಂದ ಇಡ್ಲಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡೆ.

ನಮಸ್ಕಾರ.